ಸಮುದ್ರ ಹಿಂದೆ ಸರಿಯಿತೇ? ಎಗ್‌ಮೋರ್ತ್ ಕೋಟೆಯ ದಕ್ಷಿಣ ಗೋಡೆ ಮತ್ತು ಒಂದು ಹಳೆಯ ತಪ್ಪು

ಫ್ರೆಂಚ್ ನಿಸರ್ಗವಿಜ್ಞಾನಿ ಬ್ಯುಫೋನ್ 1749ರಲ್ಲಿ ಭೂಮಿಯ ರಚನೆಯನ್ನು ಕುರಿತು ಬರೆದಾಗ, ಕಡಲು ನೆಲವನ್ನು ಬಿಟ್ಟುಕೊಟ್ಟು ಹಿಂದೆ ಸರಿಯುತ್ತದೆ ಎಂಬುದಕ್ಕೆ ದಕ್ಷಿಣ ಫ್ರಾನ್ಸಿನ ಎಗ್‌ಮೋರ್ತ್ ಪಟ್ಟಣವನ್ನು ಸಾಕ್ಷಿಗೆ ಕರೆದ. ಸಂತ ಲೂಯಿ, ಅಂದರೆ ಒಂಬತ್ತನೆಯ ಲೂಯಿ, 1248ರಲ್ಲಿ ಧರ್ಮಯುದ್ಧಕ್ಕೆ ಹಡಗು ಹತ್ತಿದ ಬಂದರು ಇದು. ಈಗ ಕಡಲು ಒಂದೂವರೆ ಲೀಗ್‌ಗೂ ಆಚೆ ಇದೆ. ಆದ್ದರಿಂದ ಐನೂರು ವರ್ಷಗಳಲ್ಲಿ ಕಡಲು ಅಷ್ಟು ದೂರ ಹೋಗಿದೆ. ವಾದ ಇಷ್ಟೇ. ಲಾಂಗ್‌ದೊಕ್ ಸೀಮೆಯ ಕರಾವಳಿಯ ಬಗ್ಗೆ 1737ರಲ್ಲೇ ಗ್ರಂಥ ಪ್ರಕಟಿಸಿದ್ದ ವೈದ್ಯ ಝಾನ್ ಆಸ್ತ್ರುಕ್ ಇಂಥ ವಾದಕ್ಕೆ ದಾರಿ ಹಾಕಿದ್ದ. ಆಸ್ತ್ರುಕ್‌ನಿಂದ ಬ್ಯುಫೋನ್‌ಗೆ, ಅಲ್ಲಿಂದ ಪ್ರವಾಸಿ ಕೈಪಿಡಿಗಳಿಗೆ ಈ ಮಾತು ಹರಿದು ಬಂದಿತು. ಕೈಪಿಡಿ ಬರೆದವರು ತಮ್ಮ ಪಾಲಿನ ಒಂದು ಸಾಕ್ಷಿಯನ್ನೂ ಸೇರಿಸಿದರು: ಕೋಟೆಯ ದಕ್ಷಿಣ ಗೋಡೆಯಲ್ಲಿ ಹಡಗು ಕಟ್ಟುತ್ತಿದ್ದ ಕಬ್ಬಿಣದ ಬಳೆ. ಅಲ್ಲಿನ ಒಂದು ಬಾಗಿಲು ಇಂಥ ಬಳೆಯಿಂದಲೇ ಓರ್ಗನೋ ಬಾಗಿಲು ಎಂದು ಹೆಸರು ಪಡೆದಿದೆ. ಬಳೆ ಇತ್ತು, ಹಡಗು ಕಟ್ಟುತ್ತಿದ್ದರು, ಆದ್ದರಿಂದ ಕಡಲು ಗೋಡೆಗೆ ಬಡಿಯುತ್ತಿತ್ತು, ಆದ್ದರಿಂದ ರಾಜ ಇಲ್ಲಿಂದಲೇ ಹಡಗು ಹತ್ತಿದ.

ಈ ಸರಪಳಿಯ ಕೊಂಡಿಗಳಲ್ಲಿ ಮೊದಲ ಎರಡು ಗಟ್ಟಿಯಾಗಿವೆ. ಉಳಿದ ಎರಡೂ ನಿಲ್ಲುವುದಿಲ್ಲ. ಕಾನ್‌ಸ್ತಾನ್ಸ್ ಬುರುಜಿನ ಸೆರೆಮನೆ, ಅಲ್ಲಿ 1730ರಿಂದ 1768ರವರೆಗೆ ಕೊಳೆತ ಮಾರಿ ದ್ಯುರಾನ್, ಚೌಕದಲ್ಲಿ ನಿಂತಿರುವ ಪ್ರಾದಿಯೆ ಕಡೆದ ಲೂಯಿಯ ಪ್ರತಿಮೆ, 1538ರಲ್ಲಿ ಒಂದನೆಯ ಫ್ರಾಂಸ್ವಾ ಮತ್ತು ಐದನೆಯ ಚಾರ್ಲ್ಸ್ ಇಲ್ಲಿ ಕೂಡಿದ್ದು, ಇವನ್ನೆಲ್ಲ ಬಲ್ಲವರು ಬರೆದಿದ್ದಾರೆ. ಮತ್ತೆ ಹೇಳುವ ಅಗತ್ಯವಿಲ್ಲ. ನನ್ನ ಆಸಕ್ತಿ ಇರುವುದು ಆ ಒಂದು ಗೋಡೆಯಲ್ಲಿ.

ಗೋಡೆಯ ಕಾಲವನ್ನು ಮೊದಲು ಗೊತ್ತುಮಾಡಬೇಕು. ಲೂಯಿ ಪ್ಸಾಲ್ಮೊದಿ ಮಠದಿಂದ ಈ ಜೌಗುನೆಲವನ್ನು ಪಡೆದದ್ದು 1240ರ ದಶಕದಲ್ಲಿ. ಯಾರೂ ಬಂದು ನೆಲೆಸಲು ಒಪ್ಪದ ಜಾಗಕ್ಕೆ ಜನರನ್ನು ಸೆಳೆಯಲೆಂದು 1246ರಲ್ಲಿ ರಿಯಾಯಿತಿಗಳ ಸನ್ನದು ಹೊರಡಿಸಿದ. ಅವನು ಕಟ್ಟಿಸಿದ ದೊಡ್ಡ ಕಲ್ಲಿನ ಕೆಲಸ ಒಂದೇ, ಕಾನ್‌ಸ್ತಾನ್ಸ್ ಬುರುಜು. ಸುಮಾರು 6 ಮೀಟರ್ ದಪ್ಪದ ಗೋಡೆಯ, 22 ಮೀಟರ್ ಅಡ್ಡಳತೆಯ ದುಂಡನೆಯ ಬುರುಜು. ಇಂದು ನಾವು ನೋಡುವ 1,600 ಮೀಟರ್‌ಗೂ ಮಿಕ್ಕ ಉದ್ದದ, ಹೆಚ್ಚುಕಡಿಮೆ ಆಯತಾಕಾರದ ಕೋಟೆಗೋಡೆ ಅವನದಲ್ಲ. ಅವನು 1270ರಲ್ಲಿ ಎರಡನೆಯ ಸಲ ಇಲ್ಲಿಂದ ಹೊರಟು ಟ್ಯುನಿಸ್‌ನಲ್ಲಿ ಸತ್ತ ಮೇಲೆ, ಮಗ ಮೂರನೆಯ ಫಿಲಿಪ್ 1272ರಲ್ಲಿ ಜಿನೋವಾದ ಗುಲ್ಯೆಲ್ಮೊ ಬೊಕ್ಕಾನೇಗ್ರನೊಂದಿಗೆ ಕರಾರು ಮಾಡಿಕೊಂಡ. ಬೊಕ್ಕಾನೇಗ್ರ 5,000 ತೂರ್ ಲಿವ್ರ್ ಹಣವನ್ನು ಕೋಟೆಯ ಕೆಲಸಕ್ಕೆ ತೊಡಗಿಸಬೇಕು. ಪ್ರತಿಯಾಗಿ ಪಟ್ಟಣ ಮತ್ತು ಬಂದರಿನ ವರಮಾನದಲ್ಲಿ ಅರ್ಧ ಅವನಿಗೆ. ಎರಡು ವರ್ಷದಲ್ಲಿ ಅವನೂ ತೀರಿಕೊಂಡ. ಗೋಡೆ ಮುಗಿದದ್ದು ನಾಲ್ಕನೆಯ ಫಿಲಿಪ್‌ನ ಕಾಲದಲ್ಲಿ, ಸುಮಾರು 1300ರ ಹೊತ್ತಿಗೆ.

ಹಾಗಾಗಿ 1248ರ ಆಗಸ್ಟ್ 25ರಂದು ರಾಜ ಹೊರಟಾಗ ಬಳೆ ನೆಡಲು ಗೋಡೆಯೇ ಇರಲಿಲ್ಲ. ಇಷ್ಟು ಸರಳವಾದ ತಾರೀಖಿನ ಲೆಕ್ಕವನ್ನು ಬಳೆವಾದಿಗಳು ಯಾಕೆ ಮಾಡಲಿಲ್ಲ ಎಂದು ಆಶ್ಚರ್ಯಪಡುವವರು ಪ್ರವಾಸಿ ಕೈಪಿಡಿಗಳನ್ನು ಓದಿಲ್ಲವೆಂದು ಕಾಣುತ್ತದೆ. ಅವುಗಳಲ್ಲಿ ಕೋಟೆ ಯಾವತ್ತೂ ಸಂತನ ಕೈಯಿಂದಲೇ ಎದ್ದು ನಿಲ್ಲುತ್ತದೆ. (ಅಂಗಡಿಗಳಲ್ಲಿ ಇಂದಿಗೂ ಅದು 'ಸಂತ ಲೂಯಿಯ ಕೋಟೆ'ಯಾಗಿಯೇ ಮಾರಾಟವಾಗುತ್ತದೆ. ಅಂಗಡಿಯವರ ಮೇಲೆ ನನಗೆ ಸಿಟ್ಟಿಲ್ಲ. 1272ರ ಕರಾರನ್ನು ಬಲ್ಲ ಇತಿಹಾಸಕಾರರೂ ಮುಂದಿನ ಪುಟದಲ್ಲಿ ಅದನ್ನು ಮರೆತು ಬರೆಯುವುದನ್ನು ಕಂಡಾಗ ಬರುತ್ತದೆ.)

ಇನ್ನು ಬಳೆ. ಉಪ್ಪುಗಾಳಿಯಲ್ಲಿ ಕಬ್ಬಿಣ ಏಳು ಶತಮಾನ ಬಾಳುವುದಿಲ್ಲ. ಕಟ್ಟುಬಳೆ ಸವೆದಾಗ, ತುಕ್ಕು ತಿಂದಾಗ ಬದಲಾಯಿಸುವ ವಸ್ತು. ಅದರ ಕಾಲವನ್ನು ಗೋಡೆಯ ಕಾಲಕ್ಕೆ ಕಟ್ಟಲಾಗದು, ಗೋಡೆಯ ಕಾಲವನ್ನು ರಾಜನ ಪ್ರಯಾಣಕ್ಕಂತೂ ಕಟ್ಟಲೇ ಆಗದು. ಆದರೂ ಬಳೆಯನ್ನು ಪೂರ್ತಿ ತಳ್ಳಿಹಾಕುವುದು ನನ್ನ ಉದ್ದೇಶವಲ್ಲ. ದಕ್ಷಿಣದ ಗೋಡೆಗೆ ತಾಗಿ ನೀರಿತ್ತು, ಆ ನೀರಿನಲ್ಲಿ ದೋಣಿಗಳು ಬರುತ್ತಿದ್ದವು ಎಂಬುದನ್ನು ಬಳೆಯಿಲ್ಲದೆಯೂ ಒಪ್ಪಬೇಕು. ಈ ಒಂದೇ ಗೋಡೆಗೆ ಐದು ಬಾಗಿಲುಗಳಿವೆ: ಆರ್ಸೆನಾಲ್, ಮರೀನ್, ಗಾಲ್ಯೋನ್, ಓರ್ಗನೋ, ಮೂಲಾನ್. ಇಷ್ಟು ಬಾಗಿಲುಗಳನ್ನು ಒಂದೇ ಕಡೆ ತೆರೆದದ್ದು ಸರಕು ಇಳಿಸಲು, ಏರಿಸಲು. ಅಲ್ಲಿ ಹಡಗುಕಟ್ಟೆ ಇದ್ದದ್ದಕ್ಕೆ ಬಳೆಗಿಂತ ಬಲವಾದ ಸಾಕ್ಷಿ ಇದು.

ಪ್ರಶ್ನೆ ಇರುವುದು ಅದು ಯಾವ ನೀರು ಎಂಬುದರಲ್ಲಿ. ಇಲ್ಲಿಯೇ ಆಸ್ತ್ರುಕ್ ಎಡವಿದ, ಬ್ಯುಫೋನ್ ಅವನ ಹಿಂದೆ ನಡೆದು ಅದೇ ಕಲ್ಲಿಗೆ ಎಡವಿದ. ಪಟ್ಟಣದ ದಕ್ಷಿಣಕ್ಕೆ ಇರುವುದು ಹಿನ್ನೀರು. ಕಡಲಿಗೂ ಅದಕ್ಕೂ ನಡುವೆ ಮರಳುದಿಣ್ಣೆಗಳ ಸಾಲು. ಆ ಸಾಲನ್ನು ಅಲ್ಲಲ್ಲಿ ಕಡಿದು ಹಿನ್ನೀರನ್ನು ಕಡಲಿಗೆ ಸೇರಿಸುವ ಅಳಿವೆಗಳು. ಅಲ್ಲಿಯ ಜನ ಅಳಿವೆಯನ್ನು 'ಗ್ರೋ' ಎನ್ನುತ್ತಾರೆ. ಕನ್ನಡದ ಕರಾವಳಿಯವರಿಗೆ ಈ ನೆಲವಿನ್ಯಾಸವನ್ನು ವಿವರಿಸಬೇಕಾಗಿಲ್ಲ: ಅಳಿವೆ ಒಂದು ಮಳೆಗಾಲದಲ್ಲಿ ಮುಚ್ಚಿ ಇನ್ನೊಂದೆಡೆ ಬಾಯಿ ತೆರೆಯಬಹುದು, ಅದರಿಂದ ಕಡಲು ಊರಿನ ಅಂಗಳಕ್ಕೆ ಬಂದಂತೆಯೂ ಅಲ್ಲ, ಊರು ಬಿಟ್ಟು ಹೋದಂತೆಯೂ ಅಲ್ಲ. ಭೂಮಧ್ಯ ಸಮುದ್ರದಲ್ಲಿ ಭರತ ಇಳಿತ ತೀರ ಕಡಿಮೆ, ಹಾಗಾಗಿ ಹಿನ್ನೀರಿನ ಮಟ್ಟದಲ್ಲಿ ಏರುಪೇರೂ ಕಡಿಮೆ. ನೆಲಮಟ್ಟದಲ್ಲಿ ತೆರೆದ ಐದು ಬಾಗಿಲುಗಳಿಗೆ ಇಂಥ ತಣ್ಣಗಿನ ನೀರು ಒಪ್ಪುತ್ತದೆ. ಚಳಿಗಾಲದ ಬಿರುಗಾಳಿಗೆ ತೆರೆದ ಕಡಲದಂಡೆಯಲ್ಲಿ ಅಂಥ ಬಾಗಿಲುಗಳನ್ನು ಯಾವ ಜಿನೋವಾದವನೂ ಇಡುತ್ತಿರಲಿಲ್ಲ. ಅಲೆ ಬಡಿಯುವ ಜಾಗದಲ್ಲಿ ಗೋಡೆ ಕಟ್ಟುವುದನ್ನು ಬಲ್ಲ ಊರಿನವರು ಅವರು.

ಎರಡನೆಯ ಸಾಕ್ಷಿ, ನನ್ನ ಮಟ್ಟಿಗೆ ನಿರ್ಣಾಯಕವಾದದ್ದು, ಹಳೆಯ ಕಾಲುವೆ. ಪಟ್ಟಣದಿಂದ ಹೊರಟು ಹಿನ್ನೀರುಗಳ ನಡುವೆ ಹಾದು ಕರೆಯ ಬಳಿಯ 'ಗ್ರೋ ಲೂಯಿ' ಎಂಬ ಅಳಿವೆಯತ್ತ ಹೋಗುತ್ತಿದ್ದ 'ಕನಾಲ್ ವ್ಯೆಲ್'ನ ಜಾಡನ್ನು 19ನೆಯ ಶತಮಾನದವರು ನೆಲದ ಮೇಲೆಯೇ ಗುರುತಿಸಿದರು. ಕಡಲು ಗೋಡೆಯ ಬುಡದಲ್ಲಿದ್ದರೆ ಕಾಲುವೆ ಯಾಕೆ? ಇದಕ್ಕೆ ಬ್ಯುಫೋನ್‌ನ ಪಕ್ಷದವರು ಕೊಡಬಹುದಾದ ಉತ್ತರ ಒಂದೇ: ಕಡಲು ಸರಿದ ಮೇಲೆ ತೋಡಿದ್ದು ಎಂದು. ಅದೂ ನಿಲ್ಲದು. ಕಾಲುವೆ ಹೂಳು ತುಂಬಿ ಕಷ್ಟ ಕೊಡತೊಡಗಿದ್ದು 14ನೆಯ ಶತಮಾನದಲ್ಲಿಯೇ. ಗೋಡೆ ಮುಗಿದದ್ದು 1300ರ ಸುಮಾರಿಗೆ. ಒಂದು ತಲೆಮಾರಿನೊಳಗೆ ಕಡಲು ಐದಾರು ಕಿಲೋಮೀಟರ್ ಸರಿದು, ಆಮೇಲೆ ಕಾಲುವೆ ತೋಡಿ, ಆಮೇಲೆ ಅದೂ ಹೂಳಬೇಕಾಗುತ್ತದೆ.

1248ರಲ್ಲಿ ರಾಜ ಹೊರಟ ಆ ದಿನ ನಡೆದದ್ದು ಹೀಗಿರಬೇಕು: ಜನ, ಸಾಮಾನು, ದವಸ ಚಪ್ಪಟೆ ತಳದ ದೋಣಿಗಳಲ್ಲಿ ಪಟ್ಟಣದಿಂದ ಕಾಲುವೆಯಲ್ಲಿ ಇಳಿದು ಅಳಿವೆಗೆ ಹೋದವು, ಜಿನೋವಾ ಮತ್ತು ಮಾರ್ಸೇಯಿಂದ ಬಾಡಿಗೆಗೆ ತಂದ ದೊಡ್ಡ ಹಡಗುಗಳು ಅಳಿವೆಯ ಹೊರಗೆ ಲಂಗರು ಹಾಕಿದ್ದವು. ಇದು ಊಹೆ, ಆದರೆ ಹಿನ್ನೀರಿನ ಆಳ ಹೇಳಿಸುವ ಊಹೆ. ಲೂಯಿಯ ಚರಿತ್ರೆ ಬರೆದ ಜ್ವಾನ್‌ವೀಲ್‌ನ ಪ್ರಸಿದ್ಧ ವರ್ಣನೆಯನ್ನು, ಹಡಗಿನ ಪಕ್ಕದ ಬಾಗಿಲು ತೆರೆದು ಕುದುರೆಗಳನ್ನು ಒಳಗೆ ಬಿಟ್ಟು ಬಾಗಿಲನ್ನು ಬಿಗಿಯಾಗಿ ಮುಚ್ಚಿದ ದೃಶ್ಯವನ್ನು, ಯಾರಾದರೂ ಇದಕ್ಕೆ ವಿರುದ್ಧವಾಗಿ ತಂದರೆ ಅವರಿಗೆ ನೆನಪಿಸಬೇಕು: ಜ್ವಾನ್‌ವೀಲ್ ಹಡಗು ಹತ್ತಿದ್ದು ಮಾರ್ಸೇಯಲ್ಲಿ. ಅದು ಬೇರೆ ಬಂದರು, ಬೇರೆ ಆಳ, ಅಂದಿಗೆ ಬೇರೆ ಒಡೆತನ ಕೂಡ.

ಒಡೆತನದ ಮಾತು ಮುಖ್ಯ. ಕೈಪಿಡಿಗಳವರಿಗೆ ಕಡಲನ್ನು ಗೋಡೆಯ ಬುಡಕ್ಕೆ ತರಬೇಕೆಂದು ಅನಿಸುವುದಕ್ಕೆ ಒಂದು ಕಾರಣವಿದೆ: ಇಷ್ಟು ಕೆಟ್ಟ ಜಾಗದಲ್ಲಿ, ಕಡಲಿನಿಂದ ದೂರದಲ್ಲಿ, ಬುದ್ಧಿಯಿದ್ದ ರಾಜ ಬಂದರು ಮಾಡುತ್ತಾನೆಯೇ ಎಂಬ ಸಂದೇಹ. ಮಾಡುತ್ತಾನೆ, ಬೇರೆ ಜಾಗ ಇಲ್ಲದಾಗ. ಪ್ರೊವಾನ್ಸ್ ಪವಿತ್ರ ರೋಮನ್ ಸಾಮ್ರಾಜ್ಯದ ಕಡೆಯದು. ಮೋಂಪೆಲ್ಯೆ ಆರಗೋನಿನ ರಾಜನದು. ತನ್ನ ನೆಲದ ಮೇಲೆ ನಿಂತು ಕಡಲಿಗೆ ಇಳಿಯಲು ಫ್ರಾನ್ಸಿನ ದೊರೆಗೆ ಉಳಿದಿದ್ದದ್ದು ಈ ಜೌಗು. ಜ್ವಾನ್‌ವೀಲ್ ಇದನ್ನು ಪರೋಕ್ಷವಾಗಿ ಹೇಳುತ್ತಾನೆ: 1254ರಲ್ಲಿ ಮರಳುವಾಗ ಹಡಗು ಇಯೆರ್ ಬಳಿ ಬಂದಿತ್ತು, ರಾಣಿಯೂ ಪರಿವಾರದವರೂ ಇಳಿಯೋಣವೆಂದರು, ಲೂಯಿ ಮಾತ್ರ ಎಗ್‌ಮೋರ್ತ್‌ಗೇ ಹೋಗಬೇಕೆಂದು ಹಟ ಹಿಡಿದ, ಅದು ತನ್ನ ನೆಲವೆಂದು. ಕೊನೆಗೆ ಒಪ್ಪಿ ಇಯೆರ್‌ನಲ್ಲೇ ಇಳಿದ. ಬಂದರಿನ ಭೂಗೋಳವನ್ನು ಅರಿಯಲು ಆಸ್ತ್ರುಕ್‌ನ ಪುಟಗಳಿಗಿಂತ ಈ ಒಂದು ಪ್ರಸಂಗ ಹೆಚ್ಚು ನೆರವಾಗುತ್ತದೆ.

ಪ್ಸಾಲ್ಮೊದಿಯ ವಿಚಾರದಲ್ಲೂ ಇದೇ ತಪ್ಪು ನಡೆಯಿತು, ಅದೂ ಹೆಚ್ಚು ದೊಡ್ಡ ಹೆಸರಿನವನ ಕೈಯಲ್ಲಿ. ಎಗ್‌ಮೋರ್ತ್‌ನ ಉತ್ತರಕ್ಕಿರುವ ಈ ಮಠದ ನೆಲ 815ರಲ್ಲಿ ದ್ವೀಪವಾಗಿತ್ತು, ಈಗ ಕಡಲಿನಿಂದ ಎರಡು ಲೀಗ್ ಒಳಗಿದೆ ಎಂಬ ಮಾತನ್ನು ಬ್ಯುಫೋನ್ ಮಾತ್ರವಲ್ಲ, 1830ರ ದಶಕದ ಆರಂಭದಲ್ಲಿ ಚಾರ್ಲ್ಸ್ ಲಯೆಲ್ ಕೂಡ ತನ್ನ ಭೂವಿಜ್ಞಾನದ ತತ್ತ್ವಗಳ ಗ್ರಂಥದಲ್ಲಿ ಎತ್ತಿಕೊಂಡ. ದ್ವೀಪವಾಗಿದ್ದುದು ನಿಜ. ಜೌಗಿನ ನಡುವಿನ ದ್ವೀಪ, ಕಡಲಿನ ನಡುವಿನದಲ್ಲ. ಇಂಥ ದಿಬ್ಬಗಳಿಗೆ ಮಳೆಗಾಲದಲ್ಲಿ ದೋಣಿಯಿಲ್ಲದೆ ಹೋಗಲಾಗದು, ಆದರೆ ಅಲ್ಲಿಂದ ಅಲೆ ಕಾಣುವುದಿಲ್ಲ. ಲಯೆಲ್‌ನಂಥ ಎಚ್ಚರದ ವೀಕ್ಷಕ ಈ ನೆಲವನ್ನು ತಾನೇ ಕೆದಕದೆ ಹಿಂದಿನವರ ಮಾತಿಗೆ ಮೊಹರು ಹಾಕಿದ್ದು ಅವನ ಗ್ರಂಥದ ಅಭಿಮಾನಿಯಾದ ನನಗೆ ಇರುಸುಮುರುಸಿನ ವಿಷಯ.

ತಪ್ಪನ್ನು ಬಿಡಿಸಿದವನು ಸೇತುವೆ-ರಸ್ತೆ ಇಲಾಖೆಯ ಎಂಜಿನಿಯರ್ ಶಾರ್ಲ್ ಲಾಂತೆರಿಕ್. 1876ರಲ್ಲಿ ಲಿಯೋನ್ ಕೊಲ್ಲಿಯ ಸತ್ತ ಪಟ್ಟಣಗಳ ಬಗ್ಗೆ ಬರೆದ ಗ್ರಂಥದಲ್ಲಿ ಅವನು ಪಟ್ಟಣಕ್ಕೂ ಕಡಲಿಗೂ ನಡುವೆ ಒಂದರ ಹಿಂದೊಂದು ಇರುವ ಹಳೆಯ ಮರಳುದಿಣ್ಣೆಗಳನ್ನು ತೋರಿಸಿ, ಇವು ರಾಜನ ಕಾಲಕ್ಕಿಂತ ಬಹಳ ಹಳೆಯವು, ಹಾಗಾಗಿ ಕರೆ ಅಂದೂ ಹೆಚ್ಚುಕಡಿಮೆ ಇಂದಿನ ಜಾಗದಲ್ಲೇ ಇತ್ತು ಎಂದ. ನಾನು ಅವನ ಪಕ್ಷದವನು. ಈ ಲೇಖನದ ಬೆನ್ನೆಲುಬು ಅವನದೇ. (ಆದರೆ ಕಾಗದಪತ್ರಗಳ ಮಟ್ಟಿಗೆ ನಿಜವಾಗಿ ದುಡಿದವನು ಮೋಂಪೆಲ್ಯೆಯ ಮೇಯರ್ ಆಗಿದ್ದ ಝ್ಯುಲ್ ಪಾಜೆಜಿ; 1879ರಲ್ಲಿ ಬಂದರಿನ ಬಗ್ಗೆ ಹೊರಬಂದ ಅವನ ಸಂಪುಟವನ್ನು ಓದಿದವರಿಗಿಂತ ಲಾಂತೆರಿಕ್‌ನ ಸೊಗಸಾದ ಗದ್ಯವನ್ನು ಓದಿದವರು ಎಷ್ಟೋ ಪಾಲು ಹೆಚ್ಚು. ಗದ್ಯ ಚೆನ್ನಾಗಿದ್ದರೆ ದಾಖಲೆ ಹಿಂದೆ ಬೀಳುತ್ತದೆ.)

ಹಾಗೆಂದು ಲಾಂತೆರಿಕ್‌ನ ಮಾತನ್ನು ಇಡೀ ಕರೆಗೆ ಹಚ್ಚುವಂತಿಲ್ಲ, ಅವನ ಶಿಷ್ಯರು ಹಚ್ಚಿದಂತೆ. ಪೂರ್ವದ ಎಸ್ಪಿಗೆತ್ ಮೂಲೆಯಲ್ಲಿ ಮರಳು ಬೆಳೆಯುತ್ತಲೇ ಇದೆ: 1869ರಲ್ಲಿ ಕಟ್ಟಿದಾಗ ನೀರಿನಿಂದ ಸುಮಾರು 150 ಮೀಟರ್ ದೂರವಿದ್ದ ದೀಪಸ್ತಂಭ ಈಗ ಅರ್ಧ ಕಿಲೋಮೀಟರಿಗೂ ಹೆಚ್ಚು ಒಳಗೆ ನಿಂತಿದೆ. ರೋನ್ ನದಿ ಹೊತ್ತು ತಂದದ್ದನ್ನು ಕಡಲಿನ ಸೆಳೆತ ಪಶ್ಚಿಮಕ್ಕೆ ಒಯ್ದು ಅಲ್ಲಿ ಹಾಕುತ್ತದೆ. ಬ್ಯುಫೋನ್‌ನ ಸಿದ್ಧಾಂತಕ್ಕೆ ಉದಾಹರಣೆ ಬೇಕಿದ್ದರೆ ಕೋಟೆಯಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ಅದು ಸಿಗುತ್ತಿತ್ತು. ಅವನ ಲೇಖನಿ ಬೇರೆ ಜಾಗಕ್ಕೆ ಬೊಟ್ಟು ಮಾಡಿತು. ಕರೆ ನಿಂತಲ್ಲೇ ನಿಂತಿದೆ ಎಂಬ ಮಾತೂ ಕರೆ ಎಲ್ಲೆಡೆ ಸರಿದಿದೆ ಎಂಬ ಮಾತಿನಷ್ಟೇ ಸೋಮಾರಿತನದ್ದು.

ಕಡಲು ಬಿಟ್ಟುಹೋಗದಿದ್ದರೆ ಬಂದರು ಸತ್ತದ್ದು ಹೇಗೆ? ಎರಡು ಕಾರಣ. ಹೂಳು ಒಂದು, ಕಾಲುವೆಯನ್ನೂ ಅಳಿವೆಯನ್ನೂ ತೋಡುವ ಖರ್ಚು ಬಂದರಿನ ವರಮಾನವನ್ನು ನುಂಗುತ್ತಿತ್ತು. ಎರಡನೆಯದಕ್ಕೆ ತಾರೀಖು ಇದೆ: 1481. ಆ ವರ್ಷ ಪ್ರೊವಾನ್ಸ್ ಫ್ರಾನ್ಸಿನ ರಾಜನ ಕೈಸೇರಿತು, ಅದರೊಂದಿಗೆ ಮಾರ್ಸೇ. ಬಂಡೆಗಳ ನಡುವೆ ಆಳವಾದ ಸ್ವಾಭಾವಿಕ ಬಂದರು ಕೈಯಲ್ಲಿದ್ದವನಿಗೆ ಜೌಗಿನ ಕಾಲುವೆ ಯಾಕೆ ಬೇಕು? ಹಡಗುಗಳು ಹೋದ ಮೇಲೂ ಊರು ಬದುಕಿದ್ದು ಹತ್ತಿರದ ಪೆಕ್ಕೆಯ ಉಪ್ಪಿನಾಗರಗಳಿಂದ. ಬಂದರಿಗಿಂತ ಹಳೆಯ ಆ ಕಸುಬು ಇಂದಿಗೂ ನಡೆಯುತ್ತಿದೆ. ಅದು ನಡೆಯುವುದು ಆಳವಿಲ್ಲದ, ಕಡಲಿನಿಂದ ದಿಣ್ಣೆ ಬೇರ್ಪಡಿಸಿದ ನೀರಿನಲ್ಲಿ ಮಾತ್ರ. ಪ್ಸಾಲ್ಮೊದಿಯ ಸನ್ಯಾಸಿಗಳು ಲೂಯಿಗಿಂತ ಮೊದಲೇ ಈ ಸೀಮೆಯಲ್ಲಿ ಉಪ್ಪು ತೆಗೆಯುತ್ತಿದ್ದರು. ತೆರೆದ ಕಡಲು ಅಂದು ಗೋಡೆಯ ಜಾಗದವರೆಗೂ ಬರುತ್ತಿತ್ತೆನ್ನುವವರು ಆ ಉಪ್ಪು ಎಲ್ಲಿ ಹರಳುಗಟ್ಟಿತೆಂಬುದನ್ನು ಮೊದಲು ಹೇಳಲಿ.