ಕಣ್ಣು ಒಣಗುವ ಕಾಯಿಲೆ: ಹೊಸ ಔಷಧಿಗಳು ಏನೇನು ಬಂದಿವೆ, ಎಷ್ಟು ನಂಬಬಹುದು? ಇಲ್ಲಿದೆ ಪೂರ್ತಿ ಮಾಹಿತಿ

ಹಾವೇರಿ: ಕಣ್ಣಲ್ಲಿ ಉಸುಕು ಬಿದ್ದಂಗೆ ಚುಚ್ಚುವುದು, ಸಂಜೆ ಹೊತ್ತಿಗೆ ಉರಿ, ಬೆಳಗ್ಗೆ ಎದ್ದಾಗ ರೆಪ್ಪೆ ಅಂಟಿಕೊಳ್ಳುವುದು, ಬಿಲ್ ಬರೆಯುವಾಗ ಅಕ್ಷರ ಮಸುಕಾಗಿ ರೆಪ್ಪೆ ಬಡಿದರೆ ಮತ್ತೆ ಸರಿಹೋಗುವುದು. ಈ ತೊಂದರೆ ತಿಂಗಳುಗಟ್ಟಲೆ ಇದ್ದರೆ ಅದನ್ನು ವೈದ್ಯರು ‘ಡ್ರೈ ಐ’ ಅಂತಾರೆ. ಅಂದರೆ ಕಣ್ಣು ಒಣಗುವ ಕಾಯಿಲೆ. ಇದರಿಂದ ಪ್ರಾಣಕ್ಕೆ ಅಪಾಯ ಇಲ್ಲ, ಬಹಳ ಜನರಿಗೆ ದೃಷ್ಟಿಯೂ ಹೋಗಲ್ಲ. ಆದರೆ ವರ್ಷಗಟ್ಟಲೆ ಕಾಡುತ್ತದೆ. ಹಾಗಾಗಿ ‘ಹೊಸ ಔಷಧಿ ಬಂದಿದೆಯಂತೆ’ ಅನ್ನೋ ವಾಟ್ಸಾಪ್ ಮೆಸೇಜ್ ಬಂದರೆ ಈ ರೋಗಿಗಳು ಮೊದಲು ಓದುತ್ತಾರೆ. ಅದರಲ್ಲಿ ನಿಜ ಎಷ್ಟು, ಕಾಯಬೇಕಾದ್ದು ಎಷ್ಟು ಅನ್ನೋದು ಇಲ್ಲಿದೆ.

ಕಣ್ಣು ಒಣಗಿದರೆ ನೀರು ಯಾಕೆ ಸುರಿಯುತ್ತೆ?

ಕಣ್ಣಿನ ಮೇಲೆ ಸದಾ ತೆಳುವಾದ ಕಣ್ಣೀರಿನ ಪದರ ಇರುತ್ತದೆ. ಒಳಗೆ ಕಣ್ಣಿಗೆ ಅಂಟಿಕೊಳ್ಳುವ ಲೋಳೆ, ನಡುವೆ ನೀರು, ಮೇಲೆ ಎಣ್ಣೆ. ಎಣ್ಣೆ ಬರುವುದು ರೆಪ್ಪೆಯ ಅಂಚಿನಲ್ಲಿರುವ ಸಣ್ಣ ಸಣ್ಣ ಗ್ರಂಥಿಗಳಿಂದ. ಅದರ ಕೆಲಸ ನೀರು ಆರದಂತೆ ತಡೆಯುವುದು, ಹಾಲಿನ ಮೇಲಿನ ಕೆನೆ ಇದ್ದ ಹಾಗೆ.

ಕಾಯಿಲೆ ಮುಖ್ಯವಾಗಿ ಎರಡು ಥರ. ಒಂದು, ನೀರೇ ಕಡಿಮೆ ಉತ್ಪತ್ತಿ ಆಗುವುದು. ಇನ್ನೊಂದು, ಎಣ್ಣೆ ಗ್ರಂಥಿ ಕಟ್ಟಿಕೊಂಡು ನೀರು ಬೇಗ ಆರಿಹೋಗುವುದು. ಜಾಸ್ತಿ ಜನರಲ್ಲಿ ಕಾಣುವುದು ಎರಡನೆಯದು. ಎರಡೂ ಒಟ್ಟಿಗೆ ಇರುವವರೂ ಇದ್ದಾರೆ. ಕಣ್ಣು ಒಣಗಿ ಉರಿದಾಗ ಮಿದುಳು ‘ನೀರು ಬಿಡು’ ಅಂತ ಸೂಚನೆ ಕೊಡುತ್ತದೆ, ಆಗ ಒಮ್ಮೆಲೇ ನೀರು ಸುರಿಯುತ್ತದೆ. ಆದರೆ ಆ ನೀರು ಕಣ್ಣಲ್ಲಿ ನಿಲ್ಲಲ್ಲ. ‘ನನಗೆ ನೀರು ಸೋರುತ್ತೆ, ಒಣಗಿದೆ ಅಂತೀರಲ್ಲ’ ಅಂತ ಡಾಕ್ಟರ ಜೊತೆ ವಾದ ಮಾಡುವವರಿಗೆ ಇದೇ ಉತ್ತರ.

ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಘಾಟಿಗೆ ಕಣ್ಣಲ್ಲಿ ನೀರು ಬರುವುದು ಬೇರೆ. ಘಾಟು ಬಿಟ್ಟು ಮನೆಗೆ ಹೋದ ಮೇಲೆ ಅದು ಕಡಿಮೆ ಆಗಬೇಕು. ರಜೆ ದಿನವೂ ಉರಿ, ಚುಚ್ಚುವಿಕೆ ಇದ್ದರೆ ಪರೀಕ್ಷೆ ಬೇಕು.

ಯಾರಿಗೆ ಜಾಸ್ತಿ?

* ಮುಟ್ಟು ನಿಂತ ವಯಸ್ಸಿನ ಮಹಿಳೆಯರು, ಹಿರಿಯರು
* ಸಕ್ಕರೆ ಕಾಯಿಲೆ, ಥೈರಾಯ್ಡ್, ಸಂಧಿವಾತ ಇರುವವರು
* ಇಡೀ ದಿನ ಫ್ಯಾನ್ ಗಾಳಿಯ ಎದುರು ಕೂರುವ ಅಂಗಡಿಯವರು, ಧೂಳು-ಹೊಗೆಯಲ್ಲಿ ಕೆಲಸ ಮಾಡುವವರು, ಕನ್ನಡಕ ಇಲ್ಲದೆ ಬೈಕ್ ಓಡಿಸುವವರು
* ಮೊಬೈಲ್, ಕಂಪ್ಯೂಟರ್ ಮುಂದೆ ಗಂಟೆಗಟ್ಟಲೆ ಇರುವವರು. ಪರದೆ ನೋಡುವಾಗ ರೆಪ್ಪೆ ಬಡಿಯುವುದು ಬಹಳ ಕಡಿಮೆ ಆಗುತ್ತದೆ
* ನೆಗಡಿ-ಅಲರ್ಜಿ ಮಾತ್ರೆ, ಖಿನ್ನತೆಯ ಕೆಲವು ಮಾತ್ರೆ, ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ತಗೊಳ್ಳುವವರು
* ಪೊರೆ ಆಪರೇಷನ್ ಅಥವಾ ಲೇಸರ್ ಆದವರು (ಹೆಚ್ಚಿನವರಿಗೆ ಕೆಲವು ತಿಂಗಳಲ್ಲಿ ಕಡಿಮೆ ಆಗುತ್ತದೆ)

ಕಣ್ಣಿನ ಜೊತೆ ಬಾಯಿಯೂ ಒಣಗಿ, ರೊಟ್ಟಿ ನುಂಗಲು ಪ್ರತಿ ತುತ್ತಿಗೂ ನೀರು ಬೇಕಾದರೆ ಅದು ಶೋಗ್ರೆನ್ಸ್ ಸಿಂಡ್ರೋಮ್ ಇರಬಹುದು. ಇದರಲ್ಲಿ ದೇಹದ ರೋಗನಿರೋಧಕ ಶಕ್ತಿಯೇ ಕಣ್ಣೀರು, ಜೊಲ್ಲಿನ ಗ್ರಂಥಿಗಳ ಮೇಲೆ ದಾಳಿ ಮಾಡುತ್ತದೆ. ಸ್ವೀಡನ್ನಿನ ಕಣ್ಣಿನ ವೈದ್ಯ ಹೆನ್ರಿಕ್ ಶೋಗ್ರೆನ್ 1933ರಲ್ಲಿ ಇದನ್ನು ವಿವರಿಸಿದರು. ಇದಕ್ಕೆ ಕಣ್ಣಿನ ಡಾಕ್ಟರ್ ಜೊತೆ ಸಂಧಿವಾತ ತಜ್ಞರನ್ನೂ ನೋಡಬೇಕು.

ಪರೀಕ್ಷೆ ಹೇಗೆ?

ದೊಡ್ಡ ಸ್ಕ್ಯಾನಿಂಗ್ ಏನೂ ಬೇಕಿಲ್ಲ. ಕೆಳರೆಪ್ಪೆಯೊಳಗೆ ಸಣ್ಣ ಕಾಗದದ ಪಟ್ಟಿ ಸಿಕ್ಕಿಸಿ 5 ನಿಮಿಷ ಬಿಡುತ್ತಾರೆ. ಇದು ಶಿರ್ಮರ್ ಪರೀಕ್ಷೆ, 1903ರಿಂದ ಬಳಕೆಯಲ್ಲಿದೆ. ಪಟ್ಟಿ 10 ಮಿ.ಮೀ.ಗಿಂತ ಜಾಸ್ತಿ ಒದ್ದೆಯಾದರೆ ಸಾಮಾನ್ಯವಾಗಿ ಸರಿ ಇದೆ ಅಂತ ಅರ್ಥ, 5 ಮಿ.ಮೀ.ಗಿಂತ ಕಡಿಮೆ ಇದ್ದರೆ ನೀರು ತೀರಾ ಕಡಿಮೆ. ಇನ್ನೊಂದರಲ್ಲಿ ಹಳದಿ-ಕಿತ್ತಳೆ ಬಣ್ಣ ಹಾಕಿ, ರೆಪ್ಪೆ ಬಡಿದ ಮೇಲೆ ಕಣ್ಣೀರಿನ ಪದರ ಎಷ್ಟು ಹೊತ್ತಿಗೆ ಒಡೆಯುತ್ತದೆ ಅಂತ ನೋಡುತ್ತಾರೆ. 10 ಸೆಕೆಂಡ್ ಒಳಗೆ ಒಡೆದರೆ ತೊಂದರೆ ಇದೆ ಎಂದರ್ಥ.

ಯಾವ ಥರದ ಒಣಗುವಿಕೆ ಅಂತ ತಿಳಿಯದೆ ಡ್ರಾಪ್ಸ್ ಬದಲಿಸುತ್ತಾ ಹೋದರೆ ದುಡ್ಡು ಖರ್ಚೇ ಹೊರತು ಗುಣ ಕಾಣಲ್ಲ.

ಈಗ ಸಿಗುವ ಚಿಕಿತ್ಸೆ

ಮೊದಲನೆಯದು ಕೃತಕ ಕಣ್ಣೀರು. ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್, ಸೋಡಿಯಂ ಹೈಲುರೊನೇಟ್ ಇರುವ ಡ್ರಾಪ್ಸ್ ಸಾಮಾನ್ಯ ಮೆಡಿಕಲ್ ಶಾಪ್‌ನಲ್ಲೇ ಸಿಗುತ್ತವೆ. ದಿನಕ್ಕೆ ನಾಲ್ಕು ಸಲಕ್ಕಿಂತ ಜಾಸ್ತಿ ಹಾಕಬೇಕಾದವರು ಪ್ರಿಸರ್ವೇಟಿವ್ ಇಲ್ಲದ ಡ್ರಾಪ್ಸ್ ಕೇಳಿ ಪಡೆಯುವುದು ಒಳ್ಳೆಯದು. ಬಹಳಷ್ಟು ಬಾಟಲಿಗಳಲ್ಲಿರುವ ಬೆಂಜಾಲ್ಕೋನಿಯಂ ಕ್ಲೋರೈಡ್ ಪದೇ ಪದೇ ಬಿದ್ದರೆ ಕಣ್ಣಿಗೇ ಕಿರಿಕಿರಿ.

ಎಣ್ಣೆ ಗ್ರಂಥಿ ಕಟ್ಟಿದವರಿಗೆ ಬಿಸಿ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ 5ರಿಂದ 10 ನಿಮಿಷ ರೆಪ್ಪೆಗೆ ಕಾವು ಕೊಟ್ಟು, ಮೆತ್ತಗೆ ಒತ್ತಿ, ರೆಪ್ಪೆ ಅಂಚು ಸ್ವಚ್ಛ ಮಾಡುವುದೇ ಮುಖ್ಯ ಚಿಕಿತ್ಸೆ. ಸುಡುವಷ್ಟು ಬಿಸಿ ಬೇಡ. ಖರ್ಚಿಲ್ಲದ್ದು ಅಂತ ಜನ ನಾಲ್ಕು ದಿನ ಮಾಡಿ ಬಿಡುತ್ತಾರೆ, ಆದರೆ ದಿನಾ ಮಾಡಿದರೆ ಮಾತ್ರ ಫಲ.

ಮುಂದಿನ ಹಂತ ಸೈಕ್ಲೋಸ್ಪೋರಿನ್ ಡ್ರಾಪ್ಸ್. ಅಂಗಾಂಗ ಕಸಿ ಆದವರಿಗೆ ಕೊಡುವ ಈ ಔಷಧಿ ನಾಯಿಗಳ ಒಣಗಣ್ಣಿಗೆ ಕೆಲಸ ಮಾಡಿದ ಮೇಲೆ ಮನುಷ್ಯರಿಗೆ ಬಂತು. ಅಮೆರಿಕದಲ್ಲಿ 2002ರಲ್ಲಿ ಅನುಮತಿ ಸಿಕ್ಕಿತು. ಭಾರತದಲ್ಲೂ ಡಾಕ್ಟರ್ ಚೀಟಿ ಮೇಲೆ ಸಿಗುತ್ತದೆ. ಹಾಕಿದಾಗ ಉರಿಯುತ್ತದೆ, ಗುಣ ಕಾಣಲು ತಿಂಗಳುಗಳೇ ಬೇಕು. ಹದಿನೈದು ದಿನಕ್ಕೆ ‘ಉಪಯೋಗ ಇಲ್ಲ’ ಅಂತ ಬಿಡುವವರು ನಷ್ಟ ಮಾಡಿಕೊಳ್ಳುತ್ತಾರೆ.

ಇದರ ಮೇಲೆ, ಕಣ್ಣೀರು ಮೂಗಿಗೆ ಇಳಿಯುವ ರಂಧ್ರಕ್ಕೆ ಸಣ್ಣ ಬಿರಡೆ ಹಾಕುವುದು, ರೋಗಿಯ ರಕ್ತದಿಂದಲೇ ಸೀರಂ ತೆಗೆದು ಡ್ರಾಪ್ಸ್ ಮಾಡುವುದು, ತೀವ್ರ ಇದ್ದವರಿಗೆ ಕಣ್ಣಿನ ಮೇಲೆ ನೀರು ಹಿಡಿದಿಡುವ ಸ್ಕ್ಲೀರಲ್ ಲೆನ್ಸ್ ಇವೆ. ಮಾತ್ರೆ ರಿಯಾಕ್ಷನ್‌ನಿಂದ ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್ ಬಂದು ಕಣ್ಣು ಪೂರ್ತಿ ಒಣಗಿದವರಿಗೆ ತುಟಿ ಒಳಗಿನ ಜೊಲ್ಲಿನ ಗ್ರಂಥಿಯನ್ನು ರೆಪ್ಪೆಯೊಳಗೆ ಕಸಿ ಮಾಡುವ ಆಪರೇಷನ್ ಕೂಡ ಇದೆ. ಚೆನ್ನೈನ ಶಂಕರ ನೇತ್ರಾಲಯ ಇಂಥ ಕೆಲಸಕ್ಕೆ ಹೆಸರಾಗಿದೆ.

ಹೊಸ ಔಷಧಿಗಳು ಯಾವುವು?

ಅಮೆರಿಕದ ಎಫ್‌ಡಿಎ ಇತ್ತೀಚಿನ ವರ್ಷಗಳಲ್ಲಿ ಒಪ್ಪಿಗೆ ಕೊಟ್ಟವು ಇವು:

* ಲಿಫಿಟೆಗ್ರಾಸ್ಟ್ (2016): ಕಣ್ಣಿನ ಉರಿಯೂತ ತಗ್ಗಿಸುವ ಡ್ರಾಪ್ಸ್. ಹಾಕಿದ ಮೇಲೆ ಬಾಯಲ್ಲಿ ವಿಚಿತ್ರ ರುಚಿ ಬರಬಹುದು.
* ವರೆನಿಕ್ಲಿನ್ (2021): ಕಣ್ಣಿಗಲ್ಲ, ಮೂಗಿಗೆ ಹೊಡೆಯುವ ಸ್ಪ್ರೇ. ಮೂಗಿನ ನರ ಕೆರಳಿಸಿ ಕಣ್ಣೀರು ಬರಿಸುತ್ತದೆ. ಸಿಗರೇಟ್ ಬಿಡಿಸುವ ಮಾತ್ರೆಯಲ್ಲಿರುವ ಔಷಧಿಯೇ ಇದು. ಪ್ರಯೋಗದಲ್ಲಿ 10ರಲ್ಲಿ 8 ಜನರಿಗೆ ಸೀನು ಬಂದಿತ್ತು.
* ಪರ್ಫ್ಲೂರೊಹೆಕ್ಸಿಲಾಕ್ಟೇನ್ (2023): ನೀರೇ ಇಲ್ಲದ ಡ್ರಾಪ್ಸ್. ಎಣ್ಣೆಯ ಜಾಗದಲ್ಲಿ ಹರಡಿ ಕಣ್ಣೀರು ಆರದಂತೆ ತಡೆಯುತ್ತದೆ. ದಿನಕ್ಕೆ 4 ಸಲ.
* ಲೋಟಿಲಾನರ್ (2023): ರೆಪ್ಪೆಗೂದಲ ಬುಡದ ಡೆಮೊಡೆಕ್ಸ್ ಎಂಬ ನುಸಿಯನ್ನು ಕೊಲ್ಲುವ ಡ್ರಾಪ್ಸ್, 6 ವಾರದ ಕೋರ್ಸ್. ನೇರವಾಗಿ ಒಣಗಣ್ಣಿಗಲ್ಲ, ಆ ನುಸಿಯಿಂದ ರೆಪ್ಪೆ ಕೆಂಪಾದವರಿಗೆ.
* ಅಕೋಲ್ಟ್ರೆಮಾನ್ (2025): ಕಣ್ಣಿನ ತಂಪು ಗುರುತಿಸುವ ನರವನ್ನು ಎಚ್ಚರಿಸಿ ಸಹಜ ಕಣ್ಣೀರು ಹೆಚ್ಚಿಸುತ್ತದೆ.

ಇವು ಯಾವುವೂ ಕಾಯಿಲೆಯನ್ನು ಬೇರುಸಮೇತ ಕೀಳಲ್ಲ. ಲೋಟಿಲಾನರ್ ಬಿಟ್ಟರೆ ಉಳಿದವು ಹಾಕುತ್ತಿರುವವರೆಗೆ ಹಿಡಿತ ಕೊಡುವಂಥವು. ಅಲ್ಲಿ ಅನುಮತಿ ಸಿಕ್ಕ ಮಾತ್ರಕ್ಕೆ ಇಲ್ಲಿನ ಅಂಗಡಿಗೆ ಬರಲ್ಲ. ಭಾರತದ ಔಷಧ ಮಹಾನಿಯಂತ್ರಕರು (ಡಿಸಿಜಿಐ) ಬೇರೆಯಾಗಿ ಒಪ್ಪಬೇಕು.

ಆಸೆ ಎಲ್ಲಿ ತಪ್ಪುತ್ತೆ?

ಒಣಗಣ್ಣಿನ ಔಷಧಿ ಪ್ರಯೋಗ ಕಷ್ಟದ ಕೆಲಸ. ಪಟ್ಟಿ ಪರೀಕ್ಷೆಯಲ್ಲಿ ಕಣ್ಣು ತೀರಾ ಒಣಗಿದ್ದರೂ ನೋವಿಲ್ಲ ಅನ್ನುವವರಿದ್ದಾರೆ, ಪರೀಕ್ಷೆ ಸರಿ ಇದ್ದರೂ ನರಳುವವರಿದ್ದಾರೆ. ಬರೀ ನೀರಿನಂಥ ಡ್ರಾಪ್ಸ್ ಹಾಕಿದರೂ ಸ್ವಲ್ಪ ಹಾಯ್ ಅನಿಸುತ್ತದೆ. ಹಾಗಾಗಿ ಔಷಧಿಯಿಂದಲೇ ಗುಣ ಆಯಿತು ಅಂತ ತೋರಿಸುವುದು ಸುಲಭವಲ್ಲ. ರೆಪ್ರಾಕ್ಸಲಾಪ್ ಎಂಬ ಡ್ರಾಪ್ಸ್‌ಗೆ ಎಫ್‌ಡಿಎ 2023ರಲ್ಲೂ 2025ರಲ್ಲೂ ಒಪ್ಪಿಗೆ ಕೊಡಲಿಲ್ಲ.

ಮೀನೆಣ್ಣೆ ಮಾತ್ರೆಯದ್ದೂ ಇದೇ ಕಥೆ. ಅಮೆರಿಕದಲ್ಲಿ 2018ರಲ್ಲಿ ಪ್ರಕಟವಾದ ‘ಡ್ರೀಮ್’ ಅಧ್ಯಯನದಲ್ಲಿ ಒಂದು ವರ್ಷ ಒಮೆಗಾ-3 ತಗೊಂಡವರಿಗೂ ಆಲಿವ್ ಎಣ್ಣೆ ಮಾತ್ರೆ ತಗೊಂಡವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ನಮ್ಮಲ್ಲೇ 2024ರಲ್ಲಿ ‘ಓದುವ ಕನ್ನಡಕ ಬೇಡ’ ಅಂತ ಒಂದು ಡ್ರಾಪ್ಸ್ ಭಾರಿ ಪ್ರಚಾರ ಪಡೆದಿತ್ತು. ಆಗಸ್ಟ್‌ನಲ್ಲಿ ಕೊಟ್ಟ ಅನುಮತಿಯನ್ನು ಅತಿ ಪ್ರಚಾರದ ಕಾರಣಕ್ಕೆ ಸೆಪ್ಟೆಂಬರ್‌ನಲ್ಲೇ ಡಿಸಿಜಿಐ ಅಮಾನತಿನಲ್ಲಿಟ್ಟಿತು. ಮೆಸೇಜ್ ಫಾರ್ವರ್ಡ್ ಮಾಡುವ ಮೊದಲು ಇದು ನೆನಪಿರಲಿ.

ಹೊಸದಕ್ಕೆ ಕಾಯುವಾಗ ಈ ತಪ್ಪು ಬೇಡ

ದೊಡ್ಡ ಅಪಾಯ ಸ್ಟೀರಾಯ್ಡ್ ಡ್ರಾಪ್ಸ್. ಹಾಕಿದ ಎರಡೇ ದಿನಕ್ಕೆ ಕೆಂಪು, ಉರಿ ಮಾಯ ಆಗುತ್ತದೆ. ಹಳೆ ಚೀಟಿ ತೋರಿಸಿ, ಅಥವಾ ಚೀಟಿ ಇಲ್ಲದೆಯೇ ತಿಂಗಳುಗಟ್ಟಲೆ ಹಾಕಿದರೆ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ ಬರಬಹುದು, ಪೊರೆಯೂ ಬರಬಹುದು. ಗ್ಲಾಕೋಮಾದಿಂದ ಹೋದ ದೃಷ್ಟಿ ವಾಪಸ್ ಬರಲ್ಲ. ಲೇಬಲ್ ಮೇಲೆ ಡೆಕ್ಸಾಮೆಥಾಸೋನ್, ಪ್ರೆಡ್ನಿಸೋಲೋನ್, ಬೀಟಾಮೆಥಾಸೋನ್ ಅಂತ ಇದ್ದರೆ ಡಾಕ್ಟರ್ ಹೇಳಿದಷ್ಟು ದಿನ ಮಾತ್ರ. ಮೆಡಿಕಲ್ ಶಾಪ್‌ನವರೂ ಚೀಟಿ ಇಲ್ಲದೆ ಇವನ್ನು ಕೊಡಬಾರದು.

ಬಾಟಲಿ ಒಡೆದ ದಿನಾಂಕ ಬರೆದಿಡಿ, ಸಾಮಾನ್ಯವಾಗಿ ಒಂದು ತಿಂಗಳಾದ ಮೇಲೆ ಎಸೆಯಬೇಕು. ತುದಿ ಕಣ್ಣಿಗೆ ತಾಕಿಸಬೇಡಿ, ಒಬ್ಬರದ್ದು ಇನ್ನೊಬ್ಬರು ಹಾಕಬೇಡಿ. ಜೇನು, ಹರಳೆಣ್ಣೆ, ಎದೆಹಾಲು, ಎಲೆ ರಸ ಕಣ್ಣಿಗೆ ಬಿಡುವುದರಿಂದ ಸೋಂಕು ತಗಲಿ ಹುಣ್ಣಾಗಬಹುದು.

ಯಾವಾಗ ತಡ ಮಾಡಬಾರದು?

ಜೋರು ನೋವು, ಬೆಳಕು ನೋಡಲಾಗದಿರುವುದು, ಕರಿಗುಡ್ಡೆ ಮೇಲೆ ಬಿಳಿ ಚುಕ್ಕೆ, ದೃಷ್ಟಿ ಏಕಾಏಕಿ ಕಡಿಮೆ ಆಗುವುದು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಮಕ್ಕಳಿಗೆ ಕತ್ತಲಲ್ಲಿ ಕಾಣದೆ ಕಣ್ಣು ಒಣಗಿದ್ದರೆ ವಿಟಮಿನ್ ಎ ಕೊರತೆ ಇರಬಹುದು, ಅದಕ್ಕೂ ಕಾಯಬಾರದು.

ಉಳಿದವರು ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಯ ಕಣ್ಣಿನ ವಿಭಾಗದಲ್ಲಿ ತೋರಿಸಬಹುದು. ಹೋಗುವಾಗ ಈವರೆಗೆ ಹಾಕಿದ ಎಲ್ಲ ಡ್ರಾಪ್ಸ್ ಬಾಟಲಿ, ಸಕ್ಕರೆ-ಬಿಪಿ-ಅಲರ್ಜಿ ಮಾತ್ರೆಗಳ ಚೀಟಿ ತಗೊಂಡು ಹೋಗಿ. ಮೂರು ಪ್ರಶ್ನೆ ಕೇಳಿ: ನನ್ನದು ನೀರು ಕಡಿಮೆಯೋ, ಎಣ್ಣೆ ಕಡಿಮೆಯೋ? ಈ ಡ್ರಾಪ್ಸ್‌ನಲ್ಲಿ ಸ್ಟೀರಾಯ್ಡ್ ಇದೆಯಾ? ಎಷ್ಟು ವಾರ ಹಾಕಿ ನೋಡಬೇಕು? ಈ ಮೂರಕ್ಕೆ ಉತ್ತರ ಗೊತ್ತಿರುವ ರೋಗಿಗೆ ಮುಂದೆ ಹೊಸ ಔಷಧಿ ಬಂದಾಗ ಅದು ತನಗೆ ಬೇಕೋ ಬೇಡವೋ ಅನ್ನೋದು ಬೇಗ ತಿಳಿಯುತ್ತದೆ.