ಇದ್ದಿಲು ತಿಂದು ಓಡಿದ ಬಸ್ಸುಗಳು

ಬೆಳಗಿನ ಬಸ್ಸು ಹೊರಡುವುದಕ್ಕೆ ಅರ್ಧ ತಾಸು ಮೊದಲೇ ಅದರ ಕ್ಲೀನರ್ ಒಲೆ ಹೊತ್ತಿಸಬೇಕಾಗಿತ್ತು. ಬಸ್ಸಿನ ಹಿಂಬದಿಗೆ ನೀರು ಕಾಯಿಸುವ ಹಂಡೆಯನ್ನು ನೆಟ್ಟಗೆ ನಿಲ್ಲಿಸಿದಂತೆ ಜೋಡಿಸಿದ್ದ ಕಬ್ಬಿಣದ ಕೊಳಗ. ಅದರ ಬಾಯಿಗೆ ಮೂಟೆಯಿಂದ ಇದ್ದಿಲು ಸುರಿದು, ಕೆಳಗೆ ಬೆಂಕಿ ಇಟ್ಟು, ಪಕ್ಕದ ಹಿಡಿಕೆಯನ್ನು ಗರಗರ ತಿರುಗಿಸಿ ಗಾಳಿ ಊದಬೇಕು. ಗ್ಯಾಸು ಹದಕ್ಕೆ ಬಂದ ಮೇಲೆ ಎಂಜಿನ್ನು ಗುರುಗುಟ್ಟುತ್ತಿತ್ತು, ಪ್ರಯಾಣಿಕರು ಹತ್ತುತ್ತಿದ್ದರು. ದಾರಿಯಲ್ಲಿ ದೊಡ್ಡ ಏರು ಎದುರಾದರೆ ಅವರೇ ಇಳಿದು ಬಸ್ಸನ್ನು ನೂಕುತ್ತಿದ್ದುದೂ ಉಂಟು. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಮೈಸೂರು ಸಂಸ್ಥಾನದ ರಸ್ತೆಗಳಲ್ಲಿಯೂ ಭಾರತದ ಇತರ ಭಾಗಗಳಲ್ಲಿಯೂ ಇದು ಸಾಮಾನ್ಯ ನೋಟವಾಗಿತ್ತು. ಇಂದಿನ ಅಜ್ಜಂದಿರು ತಮ್ಮ ಹಿರಿಯರಿಂದ ಕೇಳಿದ ‘ಇದ್ದಿಲು ಬಸ್ಸಿ’ನ ಕಥೆಗಳು ಇವೇ.

ಪೆಟ್ರೋಲಿಗೆ ಬದಲಿ ಇಂಧನ ಹುಡುಕುವ ಕೆಲಸ ಇಂದು ನಿನ್ನೆಯದಲ್ಲ ಎಂಬುದಕ್ಕೆ ಈ ಬಸ್ಸುಗಳೇ ಸಾಕ್ಷಿ. ಬದಲಿ ಇಂಧನದ ಲಾಭವೂ ನಷ್ಟವೂ ಒಟ್ಟಿಗೆ ಕಣ್ಣೆದುರು ನಿಂತದ್ದು ಆಗಲೇ.

ಯುದ್ಧ ತಂದ ಬರ

ಇಂಡಿಯಾಕ್ಕೆ ಬೇಕಾದ ಎಣ್ಣೆಯ ದೊಡ್ಡ ಪಾಲು ಆಗ ಬರ್ಮಾ ಮತ್ತು ಪರ್ಷಿಯಾದಿಂದ ಬರುತ್ತಿತ್ತು. ಅಸ್ಸಾಮಿನ ದಿಗ್ಬೋಯಿಯ ಬಾವಿಗಳ ಎಣ್ಣೆ ಯಾವ ಮೂಲೆಗೂ ಸಾಲುತ್ತಿರಲಿಲ್ಲ. 1941ರಲ್ಲಿ ಪೆಟ್ರೋಲಿಗೆ ರೇಷನ್ ಬಂತು. 1942ರ ಮಾರ್ಚಿಯಲ್ಲಿ ರಂಗೂನು ಜಪಾನೀಯರ ವಶವಾಯಿತು. ಹಿಮ್ಮೆಟ್ಟುತ್ತಿದ್ದ ಬ್ರಿಟಿಷರು ಶತ್ರುಗಳ ಕೈಗೆ ಸಿಗಬಾರದೆಂದು ಅಲ್ಲಿನ ಶುದ್ಧೀಕರಣ ಕಾರ್ಖಾನೆಯನ್ನೂ ಯೆನಾಂಗ್ಯಾಂಗಿನ ಎಣ್ಣೆ ಬಾವಿಗಳನ್ನೂ ತಾವೇ ನಾಶಮಾಡಿದರು. ಉಳಿದ ಪೆಟ್ರೋಲು ಸೈನ್ಯಕ್ಕೆ ಮೀಸಲು. ಊರಿಂದೂರಿಗೆ ಜನರನ್ನು ಒಯ್ಯುವ ಬಸ್ಸುಗಳ ಮಾಲೀಕರಿಗೆ ಎರಡೇ ದಾರಿ: ಬಸ್ಸನ್ನು ಷೆಡ್ಡಿಗೆ ನೂಕುವುದು, ಇಲ್ಲವೆ ಇದ್ದಿಲನ್ನು ನಂಬುವುದು.

ವಿದ್ಯೆ ಹೊಸದಲ್ಲ. ಕಲ್ಲಿದ್ದಲಿನಿಂದ ಉರಿಯುವ ಗ್ಯಾಸು ತೆಗೆಯುವುದು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಯೂರೋಪಿನ ಕಾರ್ಖಾನೆಗಳಿಗೆ ಗೊತ್ತಿತ್ತು. 1920ರ ದಶಕದಲ್ಲಿ ಆಲ್ಸೇಸಿನ ಜಾರ್ಜ್ ಆಂಬೇರ್ ಎಂಬ ತಜ್ಞ ಸೌದೆಯ ಚೂರುಗಳಿಂದಲೇ ಮೋಟಾರು ಓಡಿಸುವ ಉಪಕರಣವನ್ನು ರೂಪಿಸಿದ. ಯುದ್ಧ ಮುಗಿಯುವ ಹೊತ್ತಿಗೆ ಜರ್ಮನಿಯೊಂದರಲ್ಲೇ ಸುಮಾರು 5 ಲಕ್ಷ ವಾಹನಗಳು ಇಂಥ ಗ್ಯಾಸಿನಿಂದ ಓಡುತ್ತಿದ್ದವು. ಯುದ್ಧದಲ್ಲಿ ಸೇರದಿದ್ದರೂ ಹಡಗು ದಾರಿ ಕಡಿದುಹೋಗಿದ್ದ ಸ್ವೀಡನ್ನಿನಲ್ಲಿ ಇವುಗಳ ಸಂಖ್ಯೆ 70 ಸಾವಿರ ದಾಟಿತ್ತು.

ಅರೆಬೆಂದ ಬೆಂಕಿಯ ಗುಟ್ಟು

ಈ ಉಪಕರಣದ ತತ್ವ ಸರಳ. ಇದ್ದಿಲಿಗೆ ಬೇಕಾದಷ್ಟು ಗಾಳಿ ಸಿಕ್ಕರೆ ಅದು ಪೂರ್ತಿ ಉರಿದು ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಅದರಿಂದ ಎಂಜಿನ್ನಿಗೆ ಉಪಯೋಗವಿಲ್ಲ. ಆದರೆ ಗಾಳಿಯನ್ನು ಅಳೆದು ಬಿಟ್ಟು, ಹುಟ್ಟಿದ ಅನಿಲವನ್ನು ಕೆಂಡದ ರಾಶಿಯ ಮೂಲಕವೇ ಹಾಯಿಸಿದರೆ ಅದು ಇಂಗಾಲದ ಮಾನಾಕ್ಸೈಡ್ ಆಗಿ ಮಾರ್ಪಡುತ್ತದೆ. ಇದು ಉರಿಯುವ ಅನಿಲ. ಇದ್ದಿಲಿನ ತೇವದಿಂದ ಬಂದ ಒಂದಿಷ್ಟು ಜಲಜನಕವೂ ಜೊತೆಗೂಡುತ್ತದೆ. ಇವನ್ನು ತಣಿಸಿ, ಬೂದಿ ಸೋಸಿ, ಕೊಳವೆಯಲ್ಲಿ ಎಂಜಿನ್ನಿಗೆ ಕಳಿಸಿದರೆ ಪೆಟ್ರೋಲಿನ ಆವಿ ಮಾಡುವ ಕೆಲಸವನ್ನು ಇದೂ ಮಾಡುತ್ತದೆ. ಎಂಜಿನ್ನನ್ನು ಹೆಚ್ಚು ಬದಲಾಯಿಸಬೇಕಾಗಿಲ್ಲ. ಇಂಧನ ಹಡಗಿನಲ್ಲಿ ಬರಬೇಕಾಗಿಲ್ಲ, ಹತ್ತಿರದ ಕಾಡಿನಲ್ಲೇ ಇದೆ. ಇವು ಅದರ ದೊಡ್ಡ ಗುಣಗಳು.

ದೋಷಗಳೂ ಅಷ್ಟೇ ದೊಡ್ಡವು. ಗಾಳಿಯೊಡನೆ ಒಳಗೆ ಬಂದ ಸಾರಜನಕ ಉರಿಯದು, ಉರಿಸದು; ಆದರೂ ತಯಾರಾದ ಗ್ಯಾಸಿನಲ್ಲಿ ಅರ್ಧದಷ್ಟು ಜಾಗ ಅದರದೇ. ಹೀಗಾಗಿ ಎಂಜಿನ್ನಿನ ಶಕ್ತಿ ಮೂರರಲ್ಲಿ ಒಂದು ಭಾಗದಿಂದ ಅರ್ಧದವರೆಗೆ ಕುಗ್ಗುತ್ತಿತ್ತು. ಏರಿನಲ್ಲಿ ಪ್ರಯಾಣಿಕರು ಇಳಿಯಬೇಕಾದದ್ದು ಇದರಿಂದಲೇ. ಸೋಸುವ ಬಟ್ಟೆಯನ್ನು ದಾಟಿದ ನುಣುಪು ಬೂದಿ ಎಂಜಿನ್ನಿನ ಒಳಭಾಗಗಳನ್ನು ಸವೆಸುತ್ತಿತ್ತು.

ಎಲ್ಲಕ್ಕಿಂತ ಮಿಗಿಲಾದ ಅಪಾಯ ಇಂಗಾಲದ ಮಾನಾಕ್ಸೈಡಿನದೇ. ಬಸ್ಸನ್ನು ಓಡಿಸುವ ಅನಿಲವೇ ಮನುಷ್ಯನಿಗೆ ವಿಷ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನನ್ನು ಅದು ಆಮ್ಲಜನಕಕ್ಕಿಂತ 200 ಪಟ್ಟು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಮುಚ್ಚಿದ ಷೆಡ್ಡಿನಲ್ಲಿ ಒಲೆ ಹೊತ್ತಿಸುವವರಿಗೆ ತಲೆನೋವು, ವಾಕರಿಕೆ, ಕೆಲವೊಮ್ಮೆ ಸಾವು. ಸ್ವೀಡನ್ನಿನ ವೈದ್ಯರು ಯುದ್ಧಕಾಲದಲ್ಲಿ ಇಂಥ ರೋಗಿಗಳನ್ನು ದೊಡ್ಡ ಸಂಖ್ಯೆಯಲ್ಲಿ ಕಂಡರು. ಸೀಟಿನ ಮೇಲೆ ಕುಳಿತವನು ಟಿಕೆಟಿನ ಹಣ ಮಾತ್ರ ಕೊಟ್ಟ. ಉಳಿದ ಬೆಲೆ ಕೊಟ್ಟವನು ಹಿಂದೆ ನಿಂತು ಹಿಡಿಕೆ ತಿರುಗಿಸುತ್ತಿದ್ದ ಕ್ಲೀನರ್.

ಕಾಡು ತೆತ್ತ ಬೆಲೆ

ಬೆಲೆ ತೆತ್ತದ್ದರಲ್ಲಿ ಕಾಡಿನ ಪಾಲೂ ಇದೆ. ಹಸಿ ಸೌದೆಯಿಂದ ಬರುವ ಗ್ಯಾಸಿನಲ್ಲಿ ಟಾರು ಹೆಚ್ಚು. ಅದು ಎಂಜಿನ್ನಿಗೆ ಅಂಟಿಕೊಳ್ಳುತ್ತದೆ. ಆಂಬೇರನ ಉಪಕರಣ ಟಾರನ್ನು ಕೆಂಡದ ಇಕ್ಕಟ್ಟು ಗಂಟಲಿನಲ್ಲಿ ಹಾಯಿಸಿ ಸುಡುತ್ತಿತ್ತು. ಇದ್ದಿಲಿನಲ್ಲಿ ಈ ತಾಪತ್ರಯ ಕಡಿಮೆ, ಏಕೆಂದರೆ ಸೌದೆಯನ್ನು ಇದ್ದಿಲು ಮಾಡುವಾಗಲೇ ಟಾರು ಹೊಗೆಯಾಗಿ ಹೋಗಿರುತ್ತದೆ. ಆದರೆ ಟಾರಿನೊಡನೆ ಸೌದೆಯ ಬಹುಪಾಲು ಶಕ್ತಿಯೂ ಹೊಗೆಯಾಗಿ ಹೋಗುತ್ತದೆ. ಗುಂಡಿಯಲ್ಲಿ ಸುಡುವ ಹಳೆಯ ಪದ್ಧತಿಯಲ್ಲಿ ಒಂದು ಕಿಲೋ ಇದ್ದಿಲಿಗೆ ಐದಾರು ಕಿಲೋ ಸೌದೆ ಬೇಕು. ಒಂದು ಲೀಟರ್ ಪೆಟ್ರೋಲಿನ ಕೆಲಸಕ್ಕೆ ಸುಮಾರು ಒಂದೂವರೆ ಕಿಲೋ ಇದ್ದಿಲು, ಎಂದರೆ ಎಂಟು ಕಿಲೋ ಆಸುಪಾಸಿನ ಸೌದೆ. ಲೀಟರಿಗೆ 4 ಕಿಲೋಮೀಟರ್ ಓಡುವ ಬಸ್ಸೊಂದು ದಿನಕ್ಕೆ 100 ಕಿಲೋಮೀಟರ್ ಓಡಿದರೆ ಎರಡು ಕ್ವಿಂಟಲ್ ಮರ ಬೂದಿಯಾಯಿತೆಂದೇ ಲೆಕ್ಕ. ಯುದ್ಧದ ಇತರ ಅಗತ್ಯಗಳಿಗಾಗಿಯೂ ಆಗ ಇಂಡಿಯಾದ ಕಾಡುಗಳಲ್ಲಿ ಕೊಡಲಿ ಜೋರಾಗಿಯೇ ಆಡುತ್ತಿತ್ತು.

ಯುದ್ಧ ಮುಗಿದು ಪೆಟ್ರೋಲು ಮತ್ತೆ ದೊರೆಯುತ್ತಿದ್ದಂತೆ ಇದ್ದಿಲಿನ ಕೊಳಗಗಳು ಗುಜರಿ ಸೇರಿದವು. ಬಿಟ್ಟುಹೋದದ್ದಕ್ಕೆ ಯಾರೂ ಮರುಗಲಿಲ್ಲ. ಆದರೂ ವಿದ್ಯೆ ಸಾಯಲಿಲ್ಲ. 1956ರ ಸೂಯೆಜ್ ಬಿಕ್ಕಟ್ಟಿನ ನಂತರ ಸ್ವೀಡನ್ ಸರ್ಕಾರ ಆಪತ್ಕಾಲಕ್ಕೆಂದು ಅದರ ಸಂಶೋಧನೆಯನ್ನು ಮತ್ತೆ ಕೈಗೆತ್ತಿಕೊಂಡಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು 1988ರಲ್ಲಿ ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ ಸೌದೆ ಗ್ಯಾಸಿನಿಂದ ಎಂಜಿನ್ ಓಡಿಸಿ ಮನೆಗಳಿಗೆ ದೀಪ ಕೊಟ್ಟರು. ಸೌದೆಗಾಗಿ ಊರ ಬಳಿಯೇ ಮರ ಬೆಳೆಸಲಾಯಿತು. ಒಲೆಯನ್ನು ಹೊತ್ತು ಓಡಬೇಕಾಗಿಲ್ಲ, ಸೌದೆಗೆ ಕಾಡಿಗೆ ಹೋಗಬೇಕಾಗಿಲ್ಲ. ಬಸ್ಸಿನ ಬೆನ್ನ ಮೇಲೆ ಭಾರವಾಗಿದ್ದ ವಿದ್ಯೆ ನೆಲದ ಮೇಲೆ ನಿಂತಾಗ ತನಗೆ ತಕ್ಕ ಜಾಗ ಕಂಡುಕೊಂಡಿತು.

ಇಂದಿನ ಬದಲಿ ಇಂಧನಗಳಿಗೂ ಇದೇ ಲೆಕ್ಕ ಕೇಳಬೇಕಾಗಿದೆ. 2025ರಲ್ಲಿ ಭಾರತದ ಪೆಟ್ರೋಲಿನಲ್ಲಿ ಎಥನಾಲಿನ ಪಾಲು ನೂರಕ್ಕೆ 20ನ್ನು ಮುಟ್ಟಿತು. ಇದರಿಂದ ವಿದೇಶಿ ವಿನಿಮಯ ಉಳಿಯುತ್ತದೆ, ಕಬ್ಬು ಬೆಳೆಗಾರನಿಗೆ ಇನ್ನೊಂದು ಮಾರುಕಟ್ಟೆ ಸಿಗುತ್ತದೆ. ಆದರೆ ಎಥನಾಲಿನ ಶಕ್ತಿ ಪೆಟ್ರೋಲಿನ ಮೂರರಲ್ಲಿ ಎರಡು ಭಾಗ ಮಾತ್ರ. ಕಬ್ಬಿಗೆ ನೀರು ಬೇಕು, ಎಥನಾಲಿಗೆ ಹೋದ ಮೆಕ್ಕೆಜೋಳ ಕೋಳಿಗೂ ದನಕ್ಕೂ ಸಿಗುವುದಿಲ್ಲ. ವಿದ್ಯುತ್ ವಾಹನ ಊರಿನೊಳಗೆ ಹೊಗೆ ಬಿಡದು. ಆದರೆ ಅದಕ್ಕೆ ಬೇಕಾದ ವಿದ್ಯುತ್ತು ಕಲ್ಲಿದ್ದಲಿನಿಂದ ಬಂದಷ್ಟು ಕಾಲ ಹೊಗೆ ರಾಯಚೂರಿನಂಥ ಕಡೆ ಚಿಮಣಿಯಿಂದ ಹೊರಡುತ್ತದೆ. ಹಾಗೆಂದು ಇವು ಬೇಡವೆಂದಲ್ಲ; ಸೂರ್ಯನ ಬಿಸಿಲಿನಿಂದ ವಿದ್ಯುತ್ತು ಹೆಚ್ಚಿದಂತೆ ಈ ಹೊಗೆಯೂ ಕಡಿಮೆಯಾದೀತು. ಇಂಧನದ ಬೆಲೆ ಬಂಕಿನ ಮೀಟರಿನಲ್ಲಿ ಮಾತ್ರ ಇರುವುದಿಲ್ಲ, ಕಾಡಿನಲ್ಲಿ, ಕಾಲುವೆಯಲ್ಲಿ, ಯಾರದೋ ಎದೆಗೂಡಿನಲ್ಲಿಯೂ ಇರುತ್ತದೆ. ಆ ಬೆಲೆಯನ್ನು ಕೊಡುವವರು ಯಾರು ಎಂದು ಇದ್ದಿಲು ಬಸ್ಸಿನ ಕಾಲದಲ್ಲಿ ಕೇಳಲು ಪುರಸೊತ್ತಿರಲಿಲ್ಲ. ಈಗ ಯುದ್ಧದ ಆತುರವಿಲ್ಲ, ಕೇಳಬಹುದು.