44ನೆಯ ಭಾರತೀಯ ವಾಯುವಾಹಿತ ಡಿವಿಜನ್ ಮತ್ತು ಕರ್ನಾಟಕ

ವಿಮಾನದಿಂದ ಪ್ಯಾರಾಚೂಟಿನ ನೆರವಿನಿಂದ ಇಳಿದು, ಶತ್ರುವಿನ ಹಿಂಬದಿಯಲ್ಲಿ ಸೇತುವೆ ಮತ್ತು ಹಾದಿಗಳನ್ನು ವಶಪಡಿಸಿಕೊಳ್ಳುವುದು ವಾಯುವಾಹಿತ ಸೇನೆಯ ಕಾರ್ಯ. ಭಾರತದಲ್ಲಿ ಇಂತಹ ಸೇನೆಯ ರಚನೆ ಎರಡನೆಯ ಮಹಾಯುದ್ಧದ ಕಾಲದಲ್ಲಿ ಆರಂಭವಾಯಿತು. ಇದರ ಇತಿಹಾಸವನ್ನು ಸಾಮಾನ್ಯವಾಗಿ ದೆಹಲಿ ಮತ್ತು ಬರ್ಮಾ ಗಡಿಯ ಹಿನ್ನೆಲೆಯಲ್ಲಿ ನೋಡಲಾಗುತ್ತದೆ. ಇದರೊಡನೆ ಕರ್ನಾಟಕಕ್ಕಿರುವ ಸಂಬಂಧವೂ ಗಮನಾರ್ಹವಾಗಿದೆ.

1941ರ ಅಕ್ಟೋಬರ್‌ನಲ್ಲಿ ದೆಹಲಿಯಲ್ಲಿ 50ನೆಯ ಭಾರತೀಯ ಪ್ಯಾರಾಚೂಟ್ ಬ್ರಿಗೇಡ್ ಸ್ಥಾಪನೆಯಾಯಿತು. ಅದೇ ವರ್ಷ ವೈದ್ಯಾಧಿಕಾರಿ ಎ.ಜಿ. ರಂಗರಾಜ್ ಮತ್ತು ಹವಾಲ್ದಾರ್ ಮೇಜರ್ ಮಥುರಾ ಸಿಂಗ್ ಪ್ಯಾರಾಚೂಟಿನಿಂದ ಇಳಿದ ಮೊದಲ ಭಾರತೀಯ ಸೈನಿಕರೆನಿಸಿದರು. ಯುದ್ಧಕಾಲದಲ್ಲಿ ಪ್ಯಾರಾಚೂಟಿನ ಬಟ್ಟೆಗಾಗಿ ಮೈಸೂರು ರೇಷ್ಮೆಯ ಬೇಡಿಕೆ ಹೆಚ್ಚಿತು. ಬೆಂಗಳೂರಿನ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯಲ್ಲಿ 1943ರಿಂದ ಅಮೆರಿಕದ ವಾಯುಪಡೆಯ ವಿಮಾನಗಳ ದುರಸ್ತಿ ನಡೆಯಿತು.

1944ರ ಮಾರ್ಚ್‌ನಲ್ಲಿ ಮಣಿಪುರದ ಸಾಂಗ್ಶಾಕ್ ಗ್ರಾಮದಲ್ಲಿ ಈ ಬ್ರಿಗೇಡ್ ಜಪಾನೀ ಸೇನೆಯನ್ನು ಎದುರಿಸಿತು. ಆಕಾಶದಿಂದ ಇಳಿಯಲು ಸಜ್ಜಾದವರು ಇಲ್ಲಿ ಕಾಲಾಳುಗಳಾಗಿಯೇ ಹೋರಾಡಬೇಕಾಯಿತು. ಬೆಳಗಾವಿಯಲ್ಲಿ ತರಬೇತಿ ಕೇಂದ್ರವನ್ನು ಹೊಂದಿದ್ದ ಮರಾಠಾ ರೆಜಿಮೆಂಟಿನ 4ನೆಯ ಬೆಟಾಲಿಯನ್ ಅವರ ಜೊತೆಗಿತ್ತು. ನೀರಿನ ಕೊರತೆ ತೀವ್ರವಾಗಿತ್ತು. ವಿಮಾನಗಳಿಂದ ಕೆಳಗಿಳಿಸಿದ ಸಾಮಗ್ರಿಯ ಬಹುಭಾಗ ಶತ್ರುವಿನ ಪಾಲಾಯಿತು. ಅಪಾರ ಸಾವುನೋವಿನ ನಂತರ 26ರ ರಾತ್ರಿ ನೆಲೆಯನ್ನು ತೆರವುಗೊಳಿಸಲಾಯಿತು. ಆದರೆ ಜಪಾನೀಯರ ಮುನ್ನಡೆ ವಿಳಂಬಗೊಂಡು, ಇಂಫಾಲ ಮತ್ತು ಕೊಹಿಮಾಗಳ ರಕ್ಷಣೆಗೆ ಕಾಲಾವಕಾಶ ದೊರೆಯಿತು.

ಅದೇ ವರ್ಷ ಈ ಬ್ರಿಗೇಡನ್ನು ಒಳಗೊಂಡು 44ನೆಯ ಭಾರತೀಯ ವಾಯುವಾಹಿತ ಡಿವಿಜನ್ ರೂಪುಗೊಂಡಿತು. ಮೇಜರ್ ಜನರಲ್ ಅರ್ನೆಸ್ಟ್ ಡೌನ್ ಅದರ ದಂಡನಾಯಕರಾದರು. 1945ರ ಮೇ 1ರಂದು ರಂಗೂನ್ ನದೀಮುಖದ ಎಲಿಫೆಂಟ್ ಪಾಯಿಂಟ್‌ನಲ್ಲಿ ಗೂರ್ಖಾ ಸೈನಿಕರ ಒಂದು ಸಂಯುಕ್ತ ಬೆಟಾಲಿಯನ್ ಇಳಿಯಿತು. ಡಿವಿಜನ್ ಇಡಿಯಾಗಿ ಎಂದೂ ಯುದ್ಧಭೂಮಿಗೆ ಇಳಿಯಲಿಲ್ಲ. ಯುದ್ಧಾನಂತರ ಅದು 2ನೆಯ ಭಾರತೀಯ ವಾಯುವಾಹಿತ ಡಿವಿಜನ್ ಎಂದು ಮರುನಾಮಕರಣಗೊಂಡಿತು. 1947ರ ವಿಭಜನೆಯಲ್ಲಿ 50 ಮತ್ತು 77ನೆಯ ಬ್ರಿಗೇಡುಗಳು ಭಾರತಕ್ಕೂ 14ನೆಯದು ಪಾಕಿಸ್ತಾನಕ್ಕೂ ಹಂಚಿಹೋದವು. ಒಂದೇ ಡಿವಿಜನ್ನಿನ ಸಂಗಾತಿಗಳು ಎರಡು ದೇಶಗಳ ಸೈನಿಕರಾದರು.

1946ರಲ್ಲಿ ಮರಾಠಾ ರೆಜಿಮೆಂಟಿನ 3ನೆಯ ಬೆಟಾಲಿಯನ್ ಪ್ಯಾರಾಚೂಟ್ ಪಡೆಯಾಗಿ ಪರಿವರ್ತಿತವಾಗಿತ್ತು. 1948ರಲ್ಲಿ ಬ್ರಿಗೇಡಿಯರ್ ಮೊಹಮ್ಮದ್ ಉಸ್ಮಾನ್ ಅವರ ನೇತೃತ್ವದ 50ನೆಯ ಬ್ರಿಗೇಡ್‌ನಲ್ಲಿ ಅದು ನೌಶೇರಾ ಮತ್ತು ಝಂಗಡ್ ಕದನಗಳಲ್ಲಿ ಭಾಗವಹಿಸಿತು. ಉಸ್ಮಾನ್ ಅವರು ಜುಲೈ 3ರಂದು ಝಂಗಡ್‌ನಲ್ಲಿ ವೀರಮರಣ ಹೊಂದಿದರು. 1952ರಲ್ಲಿ ಪ್ಯಾರಾಚೂಟ್ ರೆಜಿಮೆಂಟ್ ಸ್ಥಾಪನೆಯಾದಾಗ ಇದೇ ಬೆಟಾಲಿಯನ್ ಅದರ 2ನೆಯ ಬೆಟಾಲಿಯನ್ ಆಯಿತು. 1971ರ ಡಿಸೆಂಬರ್ 11ರಂದು ಅದು ಪೂರ್ವ ಬಂಗಾಳದ ತಂಗಾಯಿಲ್ ಬಳಿ ಇಳಿದು ಪೂಂಗ್ಲಿ ಸೇತುವೆಯನ್ನು ವಶಪಡಿಸಿಕೊಂಡಿತು. ಇದರಿಂದ ಮೈಮನ್‌ಸಿಂಗ್‌ನಿಂದ ಢಾಕಾಕ್ಕೆ ಹಿಮ್ಮೆಟ್ಟುತ್ತಿದ್ದ ಪಾಕಿಸ್ತಾನಿ ಸೇನೆಯ ಹಾದಿ ಕಡಿದುಹೋಯಿತು. ಐದು ದಿನಗಳ ನಂತರ ಢಾಕಾ ಶರಣಾಯಿತು.

1992ರಲ್ಲಿ ಪ್ಯಾರಾಚೂಟ್ ರೆಜಿಮೆಂಟಿನ ತರಬೇತಿ ಕೇಂದ್ರವು ಆಗ್ರಾದಿಂದ ಬೆಂಗಳೂರಿಗೆ ಸ್ಥಳಾಂತರಗೊಂಡಿತು. ಹೀಗೆ ಡಿವಿಜನ್ ಎಂಬ ಸಂಘಟನೆ ಕೆಲವೇ ವರ್ಷ ಬಾಳಿ ಅಳಿದರೂ, ಅದರ ಪರಂಪರೆ ಬ್ರಿಗೇಡು ಮತ್ತು ಬೆಟಾಲಿಯನ್ನುಗಳ ಮೂಲಕ ಮುಂದುವರಿದಿದೆ. ಬೆಳಗಾವಿ ಮತ್ತು ಬೆಂಗಳೂರು ಆ ಪರಂಪರೆಯ ಎರಡು ಮುಖ್ಯ ನೆಲೆಗಳು. ಕರ್ನಾಟಕದ ಆಧುನಿಕ ಸೈನಿಕ ಇತಿಹಾಸದ ಅಧ್ಯಯನದಲ್ಲಿ ಇವುಗಳಿಗೆ ಸೂಕ್ತ ಸ್ಥಾನ ದೊರೆಯಬೇಕಾಗಿದೆ.